ಪೆಣ್ಬುಯ್ಯಲ್: ನಮ್ಮ ಶಾಸನಕಾವ್ಯಗಳಲ್ಲಿ ನೊಂದವರ ಸ್ಥಾನ

ಮಲೆನಾಡಿನಲ್ಲಿ ಮನೆಗೂ ಮನೆಗೂ ನಡುವಣ ದೂರ ಹೆಚ್ಚು. ಒಂದು ಗುಡ್ಡದ ಇಳಿಜಾರಿನಲ್ಲಿ ಒಂದು ಮನೆ, ಎದುರಿನ ಗುಡ್ಡದಲ್ಲಿ ಮತ್ತೊಂದು. ನಡುವೆ ಹಳ್ಳ, ಗದ್ದೆಯ ಕೋವು, ಕಾಫಿಯ ತೋಟ. ಕಳಸದಿಂದ ಕುದುರೆಮುಖದ ಕಡೆಗೆ ಹೋಗುವ ದಾರಿಯಲ್ಲಿರುವ ಸಂಸೆಯ ಸುತ್ತ ಇಂದಿಗೂ ಮನೆಗಳಿರುವ ಕ್ರಮವು ಬಹುಮಟ್ಟಿಗೆ ಇದೇ. ಇಂತಹ ಸೀಮೆಯಲ್ಲಿ ಆಪತ್ತು ಬಂದಾಗ ಮನುಷ್ಯನಿಗೆ ಮೊದಲು ಒದಗುವ ಸಾಧನವು ಅವನ ಕಂಠವೇ ಸರಿ. ಕೂಗು ಕೇಳಿದವರು ಓಡಿಬಂದರೆ ಉಳಿವು, ಬಾರದಿದ್ದರೆ ಇಲ್ಲ. ಹಳಗನ್ನಡದಲ್ಲಿ ಈ ಆರ್ತವಾದ ಕೂಗಿಗೆ 'ಪುಯ್ಯಲ್' ಎಂದು ಹೆಸರು. ನಡುಗನ್ನಡದಲ್ಲಿ ಅದು 'ಹುಯ್ಯಲು' ಎಂದಾಯಿತು. 'ಹುಯಿಲು' ಎಂಬ ರೂಪದಲ್ಲಿ ಈಗಲೂ ಬಳಕೆಯಲ್ಲಿದೆ.

ಅಪರಾಧಕ್ಕೂ ಹಿಂಸೆಗೂ ಸಿಕ್ಕಿ ನೊಂದವರನ್ನು ಸರಕಾರವು ಕೈಹಿಡಿಯಬೇಕೆಂಬ ವಿಚಾರವು ನಮ್ಮ ಕಾಲದಲ್ಲಿ ಕಾನೂನಿನ ರೂಪವನ್ನು ತಾಳಿದೆ. ಇದು ಪಶ್ಚಿಮದಿಂದ ಬಂದ ಹೊಸ ಭಾವನೆಯೆಂದು ಹೇಳುವವರುಂಟು. ನಮ್ಮ ಅರಸರೆಲ್ಲರೂ ಮೊದಲಿನಿಂದಲೂ ಇದನ್ನೇ ಮಾಡುತ್ತಿದ್ದರೆಂದು ಹೇಳುವವರೂ ಉಂಟು. ಈ ಎರಡು ಮಾತುಗಳೂ ಪರೀಕ್ಷೆಗೆ ನಿಲ್ಲುವಂತೆ ತೋರುವುದಿಲ್ಲ. ನಮ್ಮ ಶಾಸನಗಳನ್ನೂ ಕಾವ್ಯಗಳನ್ನೂ ಒಂದು ಪ್ರಶ್ನೆಯನ್ನು ಮುಂದಿಟ್ಟುಕೊಂಡು ಓದಿನೋಡಬೇಕಾಗಿದೆ. ಆ ಪ್ರಶ್ನೆ ಇದು: ಹುಯ್ಯಲಿಟ್ಟವರಿಗೆ ಮರುದಿನ ಏನಾಯಿತು? ಇದಕ್ಕೆ ದೊರೆಯುವ ಉತ್ತರವನ್ನು ಪರಿಶೀಲಿಸಿ, ಅದರ ಬೆಳಕಿನಲ್ಲಿ ಇಂದಿನ ಕಾನೂನಿನ ಮಾತನ್ನೂ ವಿಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

೧

ಮೊದಲು ಶಾಸನಗಳ ವಿಷಯ. ಮೂಡಿಗೆರೆ ಕಳಸಗಳ ಸೀಮೆಯು ಶಾಸನಾಭ್ಯಾಸಿಗಳಿಗೆ ಅಪರಿಚಿತವಾದುದಲ್ಲ. ರೈಸ್ ಅವರು ೧೯೦೧ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ ಆರನೆಯ ಸಂಪುಟವು ಅಂದಿನ ಕಡೂರು ಜಿಲ್ಲೆಗೆ ಮೀಸಲಾದುದು. ಹೊಯ್ಸಳರ ಮೂಲಸ್ಥಾನವಾದ ಸೊಸೆವೂರೆಂದು ವಿದ್ವಾಂಸರು ಗುರುತಿಸಿರುವ ಅಂಗಡಿಯು ಮೂಡಿಗೆರೆ ತಾಲ್ಲೂಕಿನಲ್ಲಿಯೇ ಇದೆ. ಕನ್ನಡನಾಡಿನ ಉಳಿದೆಡೆಗಳಂತೆ ಮಲೆನಾಡಿನಲ್ಲಿಯೂ ದೇವಾಲಯದ ಬದಿಯಲ್ಲಿ, ಕೆರೆಯ ಏರಿಯ ಮೇಲೆ ವೀರಗಲ್ಲುಗಳು ಕಾಣಬರುತ್ತವೆ. ವೀರನು ಯಾವ ಕಾರಣದಿಂದ ಮಡಿದನೆಂಬುದನ್ನು ಈ ಕಲ್ಲುಗಳು ಕೆಲವು ಗೊತ್ತಾದ ಮಾತುಗಳಿಂದ ಸೂಚಿಸುತ್ತವೆ. ದನಗಳನ್ನು ಅಪಹರಿಸಿದಾಗ ನಡೆದ ಕಾಳಗಕ್ಕೆ 'ತುಱುಗೊಳ್' ಎಂದೂ, ಊರನ್ನು ಸೂರೆಗೊಂಡಾಗ ನಡೆದುದಕ್ಕೆ 'ಊರಳಿವು' ಎಂದೂ ಹೆಸರು. ಹೆಂಗಸರ ಮೇಲೆ ಕೈಮಾಡಿದುದನ್ನು 'ಪೆಂಡಿರುಡೆಯುರ್ಚು' ಎಂಬ ಮಾತು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಅವರ ಮೊರೆಯನ್ನು ಕೇಳಿ ಧಾವಿಸಿದ ಪ್ರಸಂಗಕ್ಕೆ 'ಪೆಣ್ಬುಯ್ಯಲ್' ಎಂಬ ಹೆಸರಿದೆ. ಶಾಸನಗಳ ಸಾಂಸ್ಕೃತಿಕ ಅಧ್ಯಯನವನ್ನು ಕುರಿತು ಶ್ರೀ ಎಂ. ಚಿದಾನಂದಮೂರ್ತಿಯವರ ಗ್ರಂಥವು ೧೯೬೬ರಲ್ಲಿ ಹೊರಬಂದ ಮೇಲೆ ಈ ಪದಗಳು ಕನ್ನಡ ಅಧ್ಯಾಪಕರೆಲ್ಲರಿಗೂ ಪರಿಚಿತವಾಗಿವೆ.

ಹೀಗೆ ಮಡಿದವನ ಮನೆಯವರಿಗೆ ಅರಸನೋ ಊರಿನವರೋ ಭೂಮಿಯನ್ನು ಬಿಟ್ಟುಕೊಡುತ್ತಿದ್ದರು. ಇದಕ್ಕೆ 'ನೆತ್ತರುಗೊಡಗೆ', 'ಬಾಳ್ಗಚ್ಚು', 'ಕಲ್ನಾಡು' ಮೊದಲಾದ ಹೆಸರುಗಳಿದ್ದುವು. ನೆತ್ತರುಗೊಡಗೆಯೆಂದರೆ ಸುರಿದ ನೆತ್ತರಿಗಾಗಿ ಕೊಟ್ಟ ಕೊಡಗೆ. ಮನೆಯ ಆಧಾರಪುರುಷನನ್ನು ಕಳೆದುಕೊಂಡ ಹೆಂಡಿರುಮಕ್ಕಳಿಗೆ ಅನ್ನದ ಮಾರ್ಗವನ್ನು ಕಲ್ಪಿಸುವ ಈ ಏರ್ಪಾಡನ್ನು ನಾವು ಹಗುರವಾಗಿ ಎಣಿಸಲಾಗದು. ಹಿಂಸೆಯಿಂದ ಆದ ನಷ್ಟವನ್ನು ಆಳುವವರು ತುಂಬಿಕೊಡಬೇಕೆಂಬ ತತ್ತ್ವವು ಅದರಲ್ಲಿ ಸ್ಪಷ್ಟವಾಗಿ ಅಡಗಿದೆ. ಬೇಗೂರಿನ ಪ್ರಸಿದ್ಧ ವೀರಗಲ್ಲಿನಲ್ಲಿ ನಾಗತ್ತರನು ಯುದ್ಧದಲ್ಲಿ ಸತ್ತ ಮೇಲೆ ಎರೆಯಪ್ಪನು ಇರುಗನಿಗೆ ನಾಗತ್ತರಪಟ್ಟವನ್ನು ಕಟ್ಟಿ ಊರುಗಳನ್ನು ಕಲ್ನಾಡಾಗಿ ಕೊಟ್ಟ ಸಂಗತಿಯಿದೆ. ಆತಕೂರಿನ ಶಾಸನವಂತೂ, ಸುಮಾರು ೯೪೯-೫೦ರದು, ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ನಾಯಿಗಾಗಿ ನಿಂತಿತು. ಅದರ ಪೂಜೆಗೆ ಭೂಮಿಯನ್ನು ಬಿಟ್ಟು, ಪೂಜಿಸದೆ ಉಣ್ಣಬಾರದೆಂದು ಗೊರವನಿಗೆ ಕಟ್ಟುಮಾಡಿತು.

ಈ ಉದಾರತೆಯನ್ನು ಮೆಚ್ಚಿದ ಮೇಲೆ ನಮ್ಮ ಪ್ರಶ್ನೆಯನ್ನು ಮತ್ತೆ ಕೇಳಬೇಕು. ಪೆಣ್ಬುಯ್ಯಲಿನ ಪ್ರಸಂಗದಲ್ಲಿ ಹುಯ್ಯಲಿಟ್ಟ ಹೆಣ್ಣು ಎಲ್ಲಿ ಹೋದಳು? ಆಕೆಯ ಕೂಗು ಕಾಳಗಕ್ಕೆ ಕಾರಣವಾಗಿ ಶಾಸನದೊಳಕ್ಕೆ ಬಂದಿತು. ಕೊಡಗೆಯು ವೀರನ ಮನೆಗೆ ಸಂದಿತು. ಆಕೆಗೆ ಆದ ಗಾಯವು ಮಾಯಿತೇ, ಆಕೆಯನ್ನು ಮನೆಯವರು ಒಳಕ್ಕೆ ಕರೆದುಕೊಂಡರೇ ಎಂಬ ವಿಷಯಗಳಲ್ಲಿ ಶಾಸನವು ಮೌನವಾಗಿದೆ. ವೀರಗಲ್ಲಿನ ಶಿಲ್ಪವನ್ನು ನೋಡಿದರೂ ಇದೇ ಕ್ರಮ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವಣ ಪಟ್ಟಿಕೆಯಲ್ಲಿ ವೀರನನ್ನು ಕೊಂಡೊಯ್ಯುವ ಅಪ್ಸರೆಯರು. ಮೇಲಿನ ಪಟ್ಟಿಕೆಯಲ್ಲಿ ದೇವರ ಸನ್ನಿಧಿ. ಶಿಲ್ಪಿಯು ಮೇಲಕ್ಕೆ ಏರಿಸುವುದು ವೀರನನ್ನು ಮಾತ್ರ. ಯಾರಿಗಾಗಿ ಆತನು ಸತ್ತನೋ ಅವರು ಮೊದಲನೆಯ ಪಟ್ಟಿಕೆಯಿಂದ ಮುಂದಕ್ಕೆ ಬರುವುದಿಲ್ಲ.

ವೀರಗಲ್ಲು ವೀರನ ಸ್ಮಾರಕವಾದುದರಿಂದ ಅದರಲ್ಲಿ ಬೇರೆಯವರ ವೃತ್ತಾಂತವನ್ನು ನಿರೀಕ್ಷಿಸುವುದು ನ್ಯಾಯವಲ್ಲವೆಂದು ಆಕ್ಷೇಪಿಸಬಹುದು. ಹೆಣ್ಣಿನ ಮಾನವನ್ನು ಕಾಪಾಡುವುದಕ್ಕಾಗಿಯೇ ಆಕೆಯ ಹೆಸರನ್ನು ಮರೆಮಾಡಿದರೆಂದೂ ಹೇಳಬಹುದು. ಈ ಎರಡನೆಯ ಆಕ್ಷೇಪಕ್ಕೆ ತೂಕವಿದೆ. ಇಂದಿನ ಕಾನೂನು ಕೂಡ ಅತ್ಯಾಚಾರಕ್ಕೆ ಸಿಕ್ಕಿದವರ ಹೆಸರನ್ನು ಪ್ರಕಟಿಸಕೂಡದೆಂದು ವಿಧಿಸುತ್ತದೆ. ಹಿಂದೆ ಭಾರತ ದಂಡಸಂಹಿತೆಯ ೨೨೮-ಎ ಕಲಮಿನಲ್ಲಿದ್ದ ಈ ನಿಯಮವು ಈಗ ಭಾರತೀಯ ನ್ಯಾಯಸಂಹಿತೆಯ ೭೨ನೆಯ ಕಲಮಿನಲ್ಲಿದೆ. ಆದರೆ ಈ ಎರಡು ಅನಾಮಕತೆಗಳಿಗೂ ಭೇದವುಂಟು. ಕಾನೂನು ಹೆಸರನ್ನು ಲೋಕದಿಂದ ಮರೆಮಾಡಿ ಕಡತದಲ್ಲಿ ಉಳಿಸಿಕೊಳ್ಳುತ್ತದೆ. ಆ ಹೆಸರಿಗೆ ಚಿಕಿತ್ಸೆಯ ಹಕ್ಕೂ ಪರಿಹಾರದ ಹಕ್ಕೂ ಅಂಟಿಕೊಂಡಿವೆ. ಶಾಸನದಲ್ಲಿ ಹೆಸರೂ ಇಲ್ಲ, ಹೆಸರಿಗೆ ಅಂಟಿದ ಕೊಡಗೆಯೂ ಇಲ್ಲ. ಮೊದಲನೆಯದು ಮರೆ, ಎರಡನೆಯದನ್ನು ಮರೆವು ಎನ್ನಬೇಕಾಗುತ್ತದೆ.

೨

ಶಾಸನಗಳು ಹೇಳದೆ ಬಿಟ್ಟುದನ್ನು ಧರ್ಮಶಾಸ್ತ್ರವು ಹೇಳಿದೆಯೇ ಎಂದು ನೋಡೋಣ. ಈ ವಿಷಯದಲ್ಲಿ ಕನ್ನಡನಾಡಿಗೆ ವಿಶೇಷವಾದ ಸಂಬಂಧವಿದೆ. ಯಾಜ್ಞವಲ್ಕ್ಯಸ್ಮೃತಿಗೆ ವಿಜ್ಞಾನೇಶ್ವರನು ಬರೆದ ಮಿತಾಕ್ಷರವು ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಹುಟ್ಟಿದ ಗ್ರಂಥ. ಕಳ್ಳರು ಕದ್ದೊಯ್ದ ದ್ರವ್ಯವನ್ನು ಅರಸನು ಪ್ರಜೆಗೆ ಕೊಡಿಸಬೇಕೆಂದು ಯಾಜ್ಞವಲ್ಕ್ಯನು ವಿಧಿಸುತ್ತಾನೆ. ಕಳ್ಳನಿಂದ ವಸೂಲಾಗದಿದ್ದರೆ ಭಂಡಾರದಿಂದಲೇ ತೆತ್ತು ಅರಸನು ಋಣಮುಕ್ತನಾಗಬೇಕೆಂಬುದು ಶಾಸ್ತ್ರಕಾರರ ಅಭಿಪ್ರಾಯ. ಕಾಪಾಡುವುದಕ್ಕೆಂದು ಕಂದಾಯವನ್ನು ತೆಗೆದುಕೊಂಡವನು ಕಾಪಾಡದೆ ಹೋದರೆ ನಷ್ಟಕ್ಕೆ ಹೊಣೆ ಎಂಬುದೇ ಇದರ ತರ್ಕ. ಕರುಣೆಯನ್ನೂ ದಾನವನ್ನೂ ಇಲ್ಲಿ ಹೆಸರಿಸಿಲ್ಲ; ಸಾಲವನ್ನು ತೀರಿಸುವ ರೀತಿಯಲ್ಲಿ ವಿಷಯವನ್ನು ಹೇಳಿದೆ. ಇದು ಗಮನಾರ್ಹವಾದುದು.

ದೇಹಕ್ಕೆ ಪೆಟ್ಟು ಬಿದ್ದಾಗಿನ ನಿಯಮವು ಬೇರೆ. ನೋಯಿಸಿದವನು ಅರಸನಿಗೆ ದಂಡವನ್ನು ತೆರುವುದಲ್ಲದೆ ನೊಂದವನಿಗೆ 'ಸಮುತ್ಥಾನವ್ಯಯ'ವನ್ನೂ ಕೊಡಬೇಕೆಂದು ಮನುವೂ ಯಾಜ್ಞವಲ್ಕ್ಯನೂ ಹೇಳುತ್ತಾರೆ. ಔಷಧ, ಪಥ್ಯ, ಶುಶ್ರೂಷೆಗಳ ವೆಚ್ಚವೆಂದು ಇದರ ಅರ್ಥ. ಪದದ ಮೂಲಾರ್ಥವಾದರೋ ಇನ್ನೂ ಸುಂದರವಾದುದು: ಸಮುತ್ಥಾನವೆಂದರೆ ಬಿದ್ದವನು ಮೇಲೇಳುವುದು, ಸಮುತ್ಥಾನವ್ಯಯವೆಂದರೆ ಮೇಲೇಳುವುದಕ್ಕೆ ತಗಲುವ ವೆಚ್ಚ. ನೊಂದವರಿಗೆ ಮಾಡತಕ್ಕ ಸಹಾಯದ ಉದ್ದೇಶವನ್ನು ಇದಕ್ಕಿಂತ ಅಚ್ಚುಕಟ್ಟಾಗಿ ಹೇಳುವ ಪದವು ನಮ್ಮ ಭಾಷೆಗಳಲ್ಲಿ ದೊರೆಯುವುದು ಕಷ್ಟ.

ಆದರೆ ಈ ಎರಡು ನಿಯಮಗಳನ್ನು ಜೊತೆಯಲ್ಲಿಟ್ಟು ನೋಡಿದರೆ ನಡುವೆ ಒಂದು ತೆರಪು ಕಾಣುತ್ತದೆ. ದನವನ್ನು ಕದ್ದವನು ಸಿಕ್ಕದೆ ಹೋದರೆ ಅರಸನು ದನದ ಬೆಲೆಯನ್ನು ಕೊಡುವನು. ಮನುಷ್ಯನನ್ನು ಹೊಡೆದವನು ಸಿಕ್ಕದೆ ಹೋದರೆ ಮೇಲೇಳುವ ವೆಚ್ಚವನ್ನು ಯಾರು ಕೊಡಬೇಕು? ಸೂತ್ರವು ಅದನ್ನು ಹೊಡೆದವನ ಮೇಲೆಯೇ ಹೊರಿಸಿದುದರಿಂದ, ಅವನಿಲ್ಲದ ಕಡೆ ನೊಂದವನಿಗೆ ಗತಿಯಿಲ್ಲ. ಈ ತೆರಪನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ಮುಂದೆ ಇದರಿಂದ ಪ್ರಯೋಜನವಿದೆ.

೩

ಇನ್ನು ಕಾವ್ಯಗಳು. ಮಳೆಗಾಲ ಕಳೆದ ಮೇಲೆ ಕರಾವಳಿಯಲ್ಲಿಯೂ ಘಟ್ಟದ ಮೇಲಣ ಮಲೆನಾಡಿನಲ್ಲಿಯೂ ಆಡುವ ಯಕ್ಷಗಾನ ಪ್ರಸಂಗಗಳಲ್ಲಿ 'ಕೀಚಕವಧೆ'ಯು ಬಹು ಜನಪ್ರಿಯವಾದುದು. ಆ ಆಟದ ಕಥೆಯು ವಿರಾಟಪರ್ವದ್ದು. ನೊಂದವರೂ ಅರಸನೂ ಎದುರುಬದರಾಗಿ ನಿಲ್ಲುವ ಪ್ರಸಂಗವು ಭಾರತದಲ್ಲಿ ಇದಕ್ಕಿಂತ ಸ್ಫುಟವಾಗಿ ಎಲ್ಲಿಯೂ ಇಲ್ಲವೆಂದು ನನ್ನ ಭಾವನೆ. ದ್ಯೂತಸಭೆಯಲ್ಲಿ ದ್ರೌಪದಿಯು ಪಟ್ಟದ ರಾಣಿ. ಆಕೆಯ ಪ್ರಶ್ನೆಗೆ ಉತ್ತರ ಹೇಳಬೇಕೆಂಬ ಸಂಕಟವು ಭೀಷ್ಮದ್ರೋಣರಿಗೂ ಇದ್ದಿತು. ವಿರಾಟನ ಸಭೆಯಲ್ಲಿ ಆಕೆ ಸೈರಂಧ್ರಿ: ಬೇರೆ ಸೀಮೆಯಿಂದ ಬಂದು ಸಂಬಳಕ್ಕೆ ನಿಂತ, ನಿಜವಾದ ಹೆಸರನ್ನು ಹೇಳಲಾರದ, ಬಂಧುಗಳನ್ನು ತೋರಿಸಲಾರದ ಊಳಿಗದ ಹೆಂಗಸು.

ಅರಮನೆಯಲ್ಲಿ ನಡೆದುದನ್ನು ಕ್ರಮವಾಗಿ ನೋಡಬೇಕು. ತಮ್ಮನ ಮನಸ್ಸನ್ನು ಬಲ್ಲ ಸುದೇಷ್ಣೆಯು ಮದ್ಯವನ್ನು ತರುವ ನೆಪದಲ್ಲಿ ಸೈರಂಧ್ರಿಯನ್ನು ಕೀಚಕನ ಮನೆಗೆ ಕಳುಹಿಸುತ್ತಾಳೆ. ಕೈಹಿಡಿದವನನ್ನು ಕೊಡಹಿ ಓಡಿದ ಆಕೆ ರಾಜಸಭೆಯನ್ನು ಹೊಗುತ್ತಾಳೆ. ಅರಸನ ಕಣ್ಣೆದುರಿಗೇ ಕೀಚಕನು ಆಕೆಯನ್ನು ಒದೆಯುತ್ತಾನೆ. ಸಂಸ್ಕೃತಭಾರತದಲ್ಲಿ ವಿರಾಟನು ಕೊಡುವ ಉತ್ತರವು ಬಹು ವಿಚಿತ್ರವಾದುದು. ನಿಮ್ಮಿಬ್ಬರ ಜಗಳವು ನನ್ನ ಕಣ್ಣಿಗೆ ಮರೆಯಾಗಿ ನಡೆದುದು. ನಿಜಾಂಶವನ್ನು ತಿಳಿಯದೆ ನಾನು ಏನು ತೀರ್ಪು ಹೇಳಲಿ ಎಂಬುದು ಆ ಮಾತಿನ ಸಾರ. ಒದೆತವು ನಡೆದುದು ಅವನ ಎದುರಿಗೆ. ಅವನು ವಿಚಾರಣೆಗೆ ಎತ್ತಿಕೊಳ್ಳುವುದು ಮರೆಯಲ್ಲಿ ನಡೆದ ಜಗಳವನ್ನು. ನೊಂದವರನ್ನು ಹಿಂದಕ್ಕೆ ಕಳುಹಿಸುವ ಅಧಿಕಾರದ ಭಾಷೆಗೆ ಇದು ನಮ್ಮ ಸಾಹಿತ್ಯದಲ್ಲಿ ದೊರೆಯುವ ಅತಿ ಪ್ರಾಚೀನವಾದ ಮಾದರಿಯೆಂದರೆ ತಪ್ಪಾಗದು.

ಕುಮಾರವ್ಯಾಸನು ಈ ಪ್ರಸಂಗವನ್ನು ಕೈಗೆತ್ತಿಕೊಂಡಾಗ ಅವನ ಪ್ರತಿಭೆಯು ಹೆಚ್ಚಾಗಿ ಪ್ರಕಾಶಿಸುವುದು ಸಭೆಯಲ್ಲಿ ಅಲ್ಲ, ಇರುಳಿನ ಅಡುಗೆಮನೆಯಲ್ಲಿ. ಸಭೆಯಲ್ಲಿ ನ್ಯಾಯವು ದೊರೆಯದೆ, ಗಂಡನೂ ಕಂಕನ ವೇಷದಲ್ಲಿ ಸುಮ್ಮನಿರೆಂದು ಸನ್ನೆಮಾಡಲು, ದ್ರೌಪದಿಯು ಭೀಮನನ್ನು ಎಬ್ಬಿಸಿ ತನ್ನ ಜನ್ಮವನ್ನೂ ಐವರು ಗಂಡಂದಿರ ಒಡನಾಟವನ್ನೂ ಹಳಿದು ಅಳುತ್ತಾಳೆ. ಕನ್ನಡದಲ್ಲಿ ನೊಂದವರ ಬಾಯಿಂದ ಬಂದ ಮಾತುಗಳಲ್ಲಿ ಈ ಸಂಭಾಷಣೆಯನ್ನು ಮೀರಿಸುವುದು ವಿರಳ. ಸಭೆಯಲ್ಲಿ ಕೇಳುವವರಿಲ್ಲದ ಹುಯ್ಯಲು ಅಡುಗೆಮನೆಗೆ ಬಂದಿತೆಂಬುದರಲ್ಲಿಯೇ ಅರಸುತನದ ವಿಮರ್ಶೆಯಿದೆ. ಆದರೆ ಭೀಮನು ಎದ್ದೊಡನೆ ಕಾವ್ಯದ ನಡೆ ಬದಲಾಗುತ್ತದೆ. ನಾಟ್ಯಶಾಲೆಯ ಕತ್ತಲೆ, ಹೆಣ್ಣುವೇಷ, ಕೀಚಕನ ಮರ್ದನ: ಇವುಗಳಿಗೆ ಬಂದ ಮೇಲೆ ಕವಿಯೂ ವಾಚಕನೂ ಆಟವನ್ನು ನೋಡುವ ಪ್ರೇಕ್ಷಕನೂ ಭೀಮನ ಪಕ್ಷಕ್ಕೆ ಸೇರಿಹೋಗುತ್ತಾರೆ. ಮೊದಲನೆಯ ಪಟ್ಟಿಕೆಯಿಂದ ಎರಡನೆಯ ಪಟ್ಟಿಕೆಗೆ ಏರಿದಂತೆಯೇ ಸರಿ.

ಕೀಚಕನು ಸತ್ತ ಮೇಲೆ ಸೈರಂಧ್ರಿಗೆ ಏನಾಯಿತು? ಇದನ್ನು ವ್ಯಾಸನು ಮರೆತಿಲ್ಲ. ನಾವು ಪಾಠ ಹೇಳುವಾಗ ಸಾಮಾನ್ಯವಾಗಿ ಮರೆಯುತ್ತೇವೆ. ಉಪಕೀಚಕರು ಆಕೆಯನ್ನು ಕೀಚಕನ ಶವದೊಡನೆ ಸುಡಲು ಹೊರಡುತ್ತಾರೆ. ಅವರ ಬಲಕ್ಕೆ ಅಂಜಿದ ವಿರಾಟನು ಅದಕ್ಕೆ ಒಪ್ಪಿಗೆಯನ್ನೂ ಕೊಡುತ್ತಾನೆ. ಭೀಮನು ಅವರನ್ನು ಕೊಂದು ಬಿಡಿಸಿದ ಮೇಲೆ ಊರವರು ಹೆದರುತ್ತಾರೆ. ಅರಸನು ರಾಣಿಯ ಮೂಲಕ ಆಕೆಗೆ ಊರು ಬಿಟ್ಟುಹೋಗೆಂದು ಹೇಳಿಸುತ್ತಾನೆ. ಆಕೆ ಹದಿಮೂರು ದಿನಗಳ ಅವಧಿಯನ್ನು ಬೇಡುತ್ತಾಳೆ. ಅಪರಾಧವನ್ನು ಮಾಡಿದವನು ಸತ್ತಿದ್ದಾನೆ, ದಂಡನೆಯು ಪೂರ್ಣವಾಗಿದೆ; ಆದರೂ ನೊಂದವಳಿಗೆ ನಿಲ್ಲಲು ನೆಲವಿಲ್ಲ. ದಂಡನೆಯಿಂದ ಸಮುತ್ಥಾನವು ತಾನಾಗಿ ಒದಗುವುದೆಂದು ತಿಳಿಯುವವರಿಗೆ ವಿರಾಟಪರ್ವದ ಈ ಭಾಗವು ಸಾಕಾದ ಉತ್ತರವಾಗಿದೆ.

ಬೇರೆ ಕಾವ್ಯಗಳಿಂದಲೂ ಒಂದೆರಡು ನಿದರ್ಶನಗಳನ್ನು ಕೊಡಬಹುದು. ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ ಮಗನನ್ನು ಹಾವು ಕಚ್ಚಿ ಕೊಂದ ಇರುಳಿನಲ್ಲಿಯೇ ಚಂದ್ರಮತಿಯು ಶಿಶುಹತ್ಯೆಯ ಆರೋಪಕ್ಕೆ ಗುರಿಯಾಗಿ ಮರಣದಂಡನೆಗೆ ಒಳಗಾಗುತ್ತಾಳೆ. ಹೆಣವನ್ನು ತಬ್ಬಿ ಅಳುವವಳೇ ಕೊಂದವಳೆಂದು ಕಾವಲಿನವರಿಗೆ ತೋರುತ್ತದೆ. ಕವಿಯು ಇದನ್ನು ಸತ್ಯಪರೀಕ್ಷೆಯ ಒಂದು ಹಂತವಾಗಿ ಬಳಸಿಕೊಂಡಿರುವನಾದರೂ, ನೊಂದವರೇ ಆರೋಪಿಗಳಾಗುವ ಲೋಕರೀತಿಯನ್ನು ಆತನು ಕಂಡಿದ್ದನೆಂಬುದರಲ್ಲಿ ಸಂದೇಹವಿಲ್ಲ. ಜನ್ನನ ಅನಂತನಾಥಪುರಾಣದಲ್ಲಿ, ಅದು ೧೨೩೦ರ ಕೃತಿ, ಚಂಡಶಾಸನನು ಮಿತ್ರನಾದ ವಸುಷೇಣನ ಮಡದಿಯಾದ ಸುನಂದೆಯನ್ನು ಅಪಹರಿಸುತ್ತಾನೆ. ಗಂಡನು ಸತ್ತನೆಂಬ ಮೋಸಕ್ಕೆ ಸಿಕ್ಕಿ ಆಕೆ ಪ್ರಾಣವನ್ನು ಬಿಡುತ್ತಾಳೆ. ಅವನೂ ಆಕೆಯ ಚಿತೆಯಲ್ಲಿ ಬೇಯುತ್ತಾನೆ. ಈ ಕಥೆಯನ್ನು ಕುರಿತು ನಮ್ಮಲ್ಲಿ ನಡೆದ ಚರ್ಚೆಯ ಬಹುಭಾಗವು ಚಂಡಶಾಸನನ ಪ್ರೇಮದ ತೀವ್ರತೆಯನ್ನೂ ಅವನ ದುರಂತವನ್ನೂ ಹಿಡಿದು ನಡೆದಿದೆ. ರುದ್ರನಾಟಕದ ನಾಯಕನನ್ನು ಹುಡುಕುವ ಉತ್ಸಾಹದಲ್ಲಿ ಸುನಂದೆಯ ಸೆರೆಯನ್ನು ಕಥೆಯ ಒಂದು ಸಾಧನದಂತೆ ಕಂಡೆವು. ಇದು ಕವಿಯ ದೋಷಕ್ಕಿಂತ ವಿಮರ್ಶಕರ ದೋಷವೆಂದೇ ಹೇಳಬೇಕು.

ಈಚಿನ ಗದ್ಯದಲ್ಲಿಯೂ ಸ್ಥಿತಿಯು ತೀರ ಬೇರೆಯಲ್ಲ. ಮೂಡಿಗೆರೆಯಲ್ಲಿಯೇ ನೆಲಸಿ ಬರೆದ ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ'ವು ಒಂದು ಸಾವಿನ ತನಿಖೆಯನ್ನು ಎಳೆಯಾಗಿ ಹಿಡಿದು, ತೋಟದ ಸೀಮೆಯ ಬದುಕನ್ನೆಲ್ಲ ಬಿಚ್ಚಿತೋರಿಸುವ ಕೃತಿ. ಮಾಡಿದವರು ಯಾರೆಂಬ ಕುತೂಹಲವನ್ನು ಪತ್ತೇದಾರಿಯ ಕಥೆಗಳಿಂದ ತೆಗೆದುಕೊಂಡು, ಸಮಾಜದ ರೋಗವೇನೆಂಬ ಪ್ರಶ್ನೆಗೆ ಅದನ್ನು ತಿರುಗಿಸಿದುದು ಅವರ ದೊಡ್ಡ ಸಾಧನೆ. ಆದರೆ ಉಳಿದವರು ಹೇಗೆ ಬದುಕಿದರೆಂಬ ಮೂರನೆಯ ಪ್ರಶ್ನೆಯು ಪತ್ತೇದಾರಿಯ ಚೌಕಟ್ಟಿಗೆ ಸ್ವಭಾವತಃ ಹೊರಗಿನದು.

೪

ಈಗ ಇಂದಿನ ಕಾನೂನನ್ನೂ ಒಂದು ಪಠ್ಯವೆಂದು ಭಾವಿಸಿ ಓದಬಹುದು. ಮೊದಲು ಪದಗಳು. ನ್ಯಾಯಾಲಯಗಳ ಕನ್ನಡದಲ್ಲಿ ದೂರು ಕೊಟ್ಟವನಿಗೆ 'ಫಿರ್ಯಾದಿ'ಯೆಂದು ಹೆಸರು. ಇದು ಪಾರಸಿಯ 'ಫರಿಯಾದ್' ಎಂಬುದರಿಂದ ಬಂದಿತು. ಅದರ ಅರ್ಥ ಸಹಾಯಕ್ಕಾಗಿ ಇಟ್ಟ ಮೊರೆ. ಆದುದರಿಂದ ಫಿರ್ಯಾದಿಯೆಂದರೆ ಹುಯ್ಯಲಿಟ್ಟವನೇ ಸರಿ. ಆದರೆ ದೊಡ್ಡ ಅಪರಾಧಗಳಲ್ಲಿ ಸರಕಾರವೇ ವಾದಿಯಾಗಿ ನಿಲ್ಲುವುದರಿಂದ ನೊಂದವರು ಬಹುಕಾಲ ಬರಿಯ ಸಾಕ್ಷಿಗಳಾಗಿಯೇ ಉಳಿದರು. ಸಾಕ್ಷ್ಯ ಹೇಳಿದ ದಿನ ಅವರ ಕೆಲಸ ಮುಗಿಯುತ್ತಿತ್ತು. ಸರಕಾರದ ಇಂದಿನ ಕನ್ನಡವು ಅವರನ್ನು 'ಸಂತ್ರಸ್ತರು' ಎನ್ನುತ್ತದೆ. ಪತ್ರಿಕೆಗಳು ಕೆಲವೊಮ್ಮೆ 'ಬಲಿಪಶು' ಎನ್ನುತ್ತವೆ. ಸಂತ್ರಸ್ತನೆಂದರೆ ಬಹಳ ಹೆದರಿದವನು. ಭಯವೊಂದೇ ಅವನ ಲಕ್ಷಣವಾಗುತ್ತದೆ. ಬಲಿಪಶುವಿಗೆ ಬಲಿಯಾದ ಮೇಲೆ ಮುಂದಿನ ಬದುಕೇ ಇಲ್ಲ. 'ನೊಂದವರು' ಎಂಬ ಅಚ್ಚಗನ್ನಡ ಮಾತು ಇವೆರಡಕ್ಕಿಂತಲೂ ಉತ್ತಮ. ಏಕೆಂದರೆ ನೋವು ಮಾಯುವ ಸಂಭವವು ಅದರಲ್ಲಿ ಉಳಿದಿದೆ.

ಕಾನೂನಿನ ಅರ್ಥಕ್ಕೆ ಬಂದರೆ, ೧೯೭೩ರ ದಂಡಪ್ರಕ್ರಿಯಾ ಸಂಹಿತೆಗೆ ೨೦೦೮ರಲ್ಲಿ ಆಗಿ ೨೦೦೯ರ ಡಿಸೆಂಬರ್ ೩೧ರಿಂದ ಜಾರಿಗೆ ಬಂದ ತಿದ್ದುಪಡಿಯು ನೊಂದವರೆಂದರೆ ಯಾರೆಂಬುದಕ್ಕೆ ಲಕ್ಷಣವನ್ನು ಹೇಳಿ, ೩೫೭-ಎ ಎಂಬ ಹೊಸ ಕಲಮನ್ನು ಸೇರಿಸಿತು. ಅದರಂತೆ ಪ್ರತಿಯೊಂದು ರಾಜ್ಯವೂ ಪರಿಹಾರನಿಧಿಯನ್ನು ಏರ್ಪಡಿಸಬೇಕು. ಮೊಬಲಗನ್ನು ಕಾನೂನು ಸೇವೆಗಳ ಪ್ರಾಧಿಕಾರವು ನಿಶ್ಚಯಿಸಬೇಕು. ಅರ್ಜಿ ಬಂದಲ್ಲಿ ಎರಡು ತಿಂಗಳೊಳಗೆ ವಿಚಾರಣೆಯು ಮುಗಿಯಬೇಕು. ಕರ್ನಾಟಕ ಸರಕಾರದ ಯೋಜನೆಯು ೨೦೧೧ರಲ್ಲಿ ಹೊರಟಿತು. ೨೦೨೪ರ ಜುಲೈ ೧ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಜಾರಿಯಲ್ಲಿರುವುದರಿಂದ ಈ ನಿಯಮವನ್ನು ಈಗ ಅದರ ೩೯೬ನೆಯ ಕಲಮಿನಲ್ಲಿ ನೋಡಬೇಕು. ಸರ್ವೋಚ್ಚ ನ್ಯಾಯಾಲಯವು ನಿಪುಣ್ ಸಕ್ಸೇನಾ ಮೊಕದ್ದಮೆಯಲ್ಲಿ ಒಪ್ಪಿದ, ಮಹಿಳೆಯರಿಗೆ ಸಂಬಂಧಿಸಿದ ೨೦೧೮ರ ಯೋಜನೆಯಲ್ಲಿ ಪ್ರಾಣಹಾನಿಗೆ ೫ರಿಂದ ೧೦ ಲಕ್ಷ, ಅತ್ಯಾಚಾರಕ್ಕೆ ೪ರಿಂದ ೭ ಲಕ್ಷ, ಆಮ್ಲದಾಳಿಯಿಂದ ಮುಖವು ವಿಕಾರವಾದುದಕ್ಕೆ ೭ರಿಂದ ೮ ಲಕ್ಷ ರೂಪಾಯಿಗಳೆಂದು ಗೊತ್ತುಮಾಡಿದೆ. ಹೆಸರನ್ನು ಮರೆಮಾಡುವ ನಿಯಮವನ್ನು ವಿವರಿಸಿದ ತೀರ್ಪೂ ಅದೇ ಮೊಕದ್ದಮೆಯದು. ಮರೆಯೂ ಕೊಡಗೆಯೂ ಒಂದೇ ಕಡತದಿಂದ ಹೊರಟುವೆಂಬುದನ್ನು ಪೆಣ್ಬುಯ್ಯಲಿನ ಶಾಸನಗಳೊಡನೆ ಹೋಲಿಸಿ ನೋಡತಕ್ಕದ್ದು.

ಈ ಕಲಮಿನಲ್ಲಿ ಸಾಹಿತ್ಯದ ವಿದ್ಯಾರ್ಥಿಯು ವಿಶೇಷವಾಗಿ ಗಮನಿಸತಕ್ಕ ಉಪವಾಕ್ಯವೊಂದಿದೆ. ಅಪರಾಧಿಯು ಪತ್ತೆಯಾಗದೆ, ಮೊಕದ್ದಮೆಯೇ ನಡೆಯದೆ ಹೋದರೂ, ನೊಂದವರು ಯಾರೆಂಬುದು ಗೊತ್ತಾಗಿದ್ದರೆ ಅವರು ಪರಿಹಾರವನ್ನು ಬೇಡಬಹುದು. ಮಿತಾಕ್ಷರದ ಕಾಲದಿಂದ ತೆರೆದಿದ್ದ ತೆರಪು ಇಲ್ಲಿ ಮುಚ್ಚಿತು. ಖಳನಿಲ್ಲದೆ ನಮ್ಮ ಕಾವ್ಯಗಳಲ್ಲಿ ಕಥೆಯಿಲ್ಲ, ವೀರನಿಲ್ಲದೆ ಶಾಸನವಿಲ್ಲ. ಖಳನೂ ವೀರನೂ ಇಬ್ಬರೂ ಇಲ್ಲದ ಕಡೆಯಲ್ಲಿ ನೊಂದವರೊಬ್ಬರೇ ಉಳಿದರೂ ಅವರಿಗೆ ರಾಜ್ಯವು ಸಾಲಗಾರನೆಂದು ಈ ವಾಕ್ಯವು ಒಪ್ಪುತ್ತದೆ.

ಆದರೆ ಕಾನೂನಿನ ಎಲ್ಲ ಭಾಗಗಳೂ ಈ ಎತ್ತರದಲ್ಲಿ ನಿಂತಿಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಣ ದೌರ್ಜನ್ಯವನ್ನು ತಡೆಯುವ ೧೯೮೯ರ ಅಧಿನಿಯಮಕ್ಕೆ ಸೇರಿದ ನಿಯಮಗಳಲ್ಲಿ, ೨೦೧೬ರ ತಿದ್ದುಪಡಿಯಂತೆ, ೮೫,೦೦೦ದಿಂದ ೮,೨೫,೦೦೦ ರೂಪಾಯಿಗಳವರೆಗೆ ಪರಿಹಾರವುಂಟು. ಈ ಹಣವು ಸಾಮಾನ್ಯವಾಗಿ ಕಂತುಗಳಲ್ಲಿ ಬರುತ್ತದೆ: ಪ್ರಥಮ ವರ್ತಮಾನ ವರದಿಯಾದಾಗ ಒಂದು ಭಾಗ, ದೋಷಾರೋಪಪಟ್ಟಿಯಾದಾಗ ಒಂದು ಭಾಗ, ಶಿಕ್ಷೆಯಾದಾಗ ಉಳಿದುದು. ಅಂದರೆ ನೊಂದವರ ಅನ್ನವನ್ನು ಮತ್ತೆ ಖಳನ ಕಥೆಯ ಅಂಕಗಳಿಗೆ ಕಟ್ಟಿಹಾಕಿದಂತಾಯಿತು. ಗಾಯವು ಮೊಕದ್ದಮೆಯ ಹೆಜ್ಜೆಗಳನ್ನು ಕಾದು ಮಾಯುವುದಿಲ್ಲ.

ಕಾನೂನಿನ ಪುಟದಿಂದ ಗುಡ್ಡದ ಮೇಲಣ ಮನೆಗೆ ಎಷ್ಟು ದೂರವೆಂಬುದನ್ನೂ ಎಣಿಸಬೇಕು. ಸಂಸೆಯ ಸುತ್ತಿನ ಚಹದ ತೋಟದಲ್ಲಿಯೋ ಕಾಫಿಯ ತೋಟದಲ್ಲಿಯೋ ದುಡಿದು, ಲೈನುಮನೆಯಲ್ಲಿ ವಾಸಿಸುವ ಹೆಂಗಸೊಬ್ಬಳನ್ನು ಭಾವಿಸಿಕೊಳ್ಳೋಣ. ಸೈರಂಧ್ರಿಯಂತೆ ಆಕೆಯೂ ಬೇರೆ ಸೀಮೆಯವಳಾಗಿರಬಹುದು. ದೂರು ಕೊಡಲು ಠಾಣೆಯವರೆಗೆ ಹೋಗಬೇಕು. ಹಿಂದೆ ಮೂಡಿಗೆರೆಗೆ ಸೇರಿದ್ದ ಕಳಸವು ಈಗ ಪ್ರತ್ಯೇಕವಾದ ತಾಲ್ಲೂಕಾಗಿದ್ದರೂ, ಪರಿಹಾರವನ್ನು ನಿಶ್ಚಯಿಸುವ ಪ್ರಾಧಿಕಾರವಿರುವುದು ಜಿಲ್ಲೆಯ ಮುಖ್ಯಪಟ್ಟಣದಲ್ಲಿ, ನೂರು ಕಿಲೋಮೀಟರುಗಳಿಗೆ ಸಮೀಪವಾದ ಘಟ್ಟದ ದಾರಿಯ ಆಚೆಗೆ. ಚಿಕಿತ್ಸೆ, ಪೊಲೀಸು, ಕಾನೂನು, ಸಮಾಧಾನಗಳನ್ನು ಒಂದೇ ಸೂರಿನಡಿಯಲ್ಲಿ ಒದಗಿಸಲು ೨೦೧೫ರಿಂದ ಏರ್ಪಡಿಸಿದ 'ಸಖಿ' ಕೇಂದ್ರಗಳ ಕಲ್ಪನೆಯೂ ಜಿಲ್ಲೆಯನ್ನು ಹಿಡಿದೇ ಹೊರಟುದು. ಎಲ್ಲಿ ನಡೆದ ಅಪರಾಧವಾದರೂ ಯಾವ ಠಾಣೆಯವರಾದರೂ ದೂರನ್ನು ಬರೆದುಕೊಳ್ಳತಕ್ಕದ್ದೆಂದು ಇಂದಿನ ಸಂಹಿತೆಯು ವಿಧಿಸುತ್ತದೆ. ಆಸ್ಪತ್ರೆಗಳು, ಖಾಸಗಿಯವೂ ಸೇರಿ, ಆಮ್ಲದಾಳಿಗೂ ಅತ್ಯಾಚಾರಕ್ಕೂ ಸಿಕ್ಕಿದವರಿಗೆ ಹಣವಿಲ್ಲದೆ ಚಿಕಿತ್ಸೆ ಮಾಡತಕ್ಕದ್ದೆಂದೂ ವಿಧಿಸುತ್ತದೆ. ಇವು ವಿರಾಟನ ಉತ್ತರವನ್ನು ಇನ್ನು ಯಾವ ಅಧಿಕಾರಿಯೂ ಕೊಡಕೂಡದೆಂಬ ಕಟ್ಟಳೆಗಳು. ಕಟ್ಟಳೆಯನ್ನು ಬಲ್ಲವರು ಆಕೆಯ ಬಳಿ ಯಾರಿದ್ದಾರೆಂಬುದೇ ಉಳಿಯುವ ಪ್ರಶ್ನೆ.

ಇದಕ್ಕೆ ಸರಕಾರದ ಏರ್ಪಾಡಿನಲ್ಲಿಯೇ ಒಂದು ದಾರಿಯಿದೆಯೆಂದು ತೋರುತ್ತದೆ. ಮನೆಯೊಳಗಿನ ಹಿಂಸೆಯನ್ನು ತಡೆಯುವ ೨೦೦೫ರ ಅಧಿನಿಯಮಕ್ಕೆ ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳನ್ನೇ ಸಂರಕ್ಷಣಾಧಿಕಾರಿಗಳನ್ನಾಗಿ ಗೊತ್ತುಮಾಡಿದ್ದಾರೆ. ಆ ಕಚೇರಿಯ ಕೈಯು ಅಂಗನವಾಡಿಯ ಮೂಲಕ ಹಳ್ಳಿಹಳ್ಳಿಗೂ ಚಾಚಿದೆ. ಮಲೆನಾಡಿನಲ್ಲಿ ಹುಯ್ಯಲು ಕೇಳಿಸುವ ದೂರದಲ್ಲಿರುವ ಸರಕಾರವೆಂದರೆ ಅಂಗನವಾಡಿಯ ಕಾರ್ಯಕರ್ತೆಯೇ. ಪರಿಹಾರದ ಅರ್ಜಿಯನ್ನು ಬರೆಸಿ, ಜೊತೆಯಲ್ಲಿ ನಡೆದು, ಮರುದಿನವೂ ಮರುತಿಂಗಳೂ ಹೋಗಿ ವಿಚಾರಿಸುವ ಕೆಲಸವನ್ನು ತಕ್ಕ ಶಿಕ್ಷಣವನ್ನೂ ವೇತನವನ್ನೂ ಕೊಟ್ಟು ಇಂತಹವರಿಗೆ ಒಪ್ಪಿಸಿದಲ್ಲದೆ, ಜಿಲ್ಲೆಯ ಕೇಂದ್ರದಲ್ಲಿ ಎಷ್ಟು ಒಳ್ಳೆಯ ಕಟ್ಟಡವನ್ನು ಕಟ್ಟಿದರೂ ಗುಡ್ಡದ ಮೇಲಣ ಮನೆಗೆ ಅದರ ಬೆಳಕು ಮುಟ್ಟದು.

೫

ಇಷ್ಟು ವಿಚಾರಗಳಿಂದ ತಿಳಿಯಬರುವುದೇನೆಂದರೆ, ಹಿಂಸೆಯಿಂದಾದ ನಷ್ಟವನ್ನು ಆಳುವವರು ತುಂಬಿಕೊಡಬೇಕೆಂಬ ತತ್ತ್ವಕ್ಕೆ ನಮ್ಮ ನಾಡಿನಲ್ಲಿ ಬೇರುಗಳು ಆಳವಾಗಿವೆ. ಆದರೆ ಆ ತತ್ತ್ವದ ಫಲವು ಹೋರಾಡಿ ಸತ್ತವರ ಮನೆಗೂ ದನವನ್ನು ಕಳೆದುಕೊಂಡವರ ಕೊಟ್ಟಿಗೆಗೂ ಸಂದಂತೆ, ಹುಯ್ಯಲಿಟ್ಟವರ ಬಾಗಿಲಿಗೆ ಸಲ್ಲಲಿಲ್ಲ. ಕಾವ್ಯಗಳು ಅವರ ಕೂಗನ್ನು ಕೇಳಿದುವು. ಕುಮಾರವ್ಯಾಸನಂತಹವನು ಅದನ್ನು ಅಮರವಾಗಿಯೂ ಮಾಡಿದನು. ವಿಮರ್ಶೆಯಾದರೋ ವೀರನನ್ನೂ ಖಳನನ್ನೂ ಹಿಂಬಾಲಿಸಿ ಹೋಯಿತು.

ಇದು ಅಧ್ಯಾಪಕರಾದ ನಮಗೆ ಬರಿಯ ಪಾಂಡಿತ್ಯದ ವಿಷಯವಲ್ಲ. ಕೀಚಕವಧೆಯ ಪಾಠವನ್ನು ಕೇಳುತ್ತ ಕುಳಿತ ಮಕ್ಕಳಲ್ಲಿ ಸೈರಂಧ್ರಿಯ ಸಂಕಟವನ್ನು ಸ್ವಂತ ಅನುಭವದಿಂದ ಬಲ್ಲವರು ಇರಬಹುದು. ಭೀಮನ ಪರಾಕ್ರಮವನ್ನು ವರ್ಣಿಸಿ ಗಂಟೆ ಹೊಡೆದೊಡನೆ ಪುಸ್ತಕವನ್ನು ಮುಚ್ಚಿದರೆ, ಅಂತಹ ಮಗುವಿಗೆ ನಾವು ಕಲಿಸಿದುದು ಭೀಮನಿಲ್ಲದವರಿಗೆ ಗತಿಯಿಲ್ಲವೆಂಬುದನ್ನೇ. ಹದಿಮೂರು ದಿನಗಳ ಪ್ರಸಂಗವನ್ನೂ ಓದಿ, ಅರಸನು ಏನು ಮಾಡಬೇಕಾಗಿತ್ತೆಂದು ತರಗತಿಯನ್ನು ಕೇಳಿದರೆ ಪಾಠವು ಬೇರೆಯಾಗುತ್ತದೆ. ಮಕ್ಕಳ ಮೇಲಣ ಲೈಂಗಿಕ ಅಪರಾಧವು ತಿಳಿದುಬಂದಲ್ಲಿ ಅದನ್ನು ಪೊಲೀಸರಿಗೆ ತಿಳಿಸಲೇಬೇಕೆಂದು ೨೦೧೨ರ ಅಧಿನಿಯಮದ ೧೯ನೆಯ ಕಲಮು ಎಲ್ಲರಿಗೂ ವಿಧಿಸಿದೆ. ಉಪಾಧ್ಯಾಯರೂ ಅದರೊಳಗೆ ಸೇರಿದವರು. ಮಕ್ಕಳಿಗೆ ೧೦೯೮, ಹೆಂಗಸರಿಗೆ ೧೮೧, ಎಲ್ಲರಿಗೂ ೧೧೨ ಎಂಬ ದೂರವಾಣಿಯ ಸಂಖ್ಯೆಗಳನ್ನು ಕರಿಹಲಗೆಯ ಮೂಲೆಯಲ್ಲಿ ಬರೆದಿಡುವುದರಿಂದ ಕಾವ್ಯಪಾಠದ ಘನತೆಗೆ ಯಾವ ಕುಂದೂ ಬಾರದು.

ವೀರಗಲ್ಲಿನ ಮೊದಲನೆಯ ಪಟ್ಟಿಕೆಯಲ್ಲಿಯೇ ನಿಂತುಹೋದ ಹೆಣ್ಣು ಮೇಲೇಳುವ ವೆಚ್ಚವನ್ನು ಯಾರು ತೆರಬೇಕೆಂಬುದು ಕಲ್ಯಾಣದ ಪಂಡಿತರು ಅರ್ಧಕ್ಕೆ ಬಿಟ್ಟ ಪ್ರಶ್ನೆ. ನಮ್ಮ ಕಾಲದ ಕಾನೂನು ಅದಕ್ಕೆ ಸರಿಯಾದ ಉತ್ತರವನ್ನು ಬರೆದಿಟ್ಟಿದೆ. ಆ ಉತ್ತರವನ್ನು ಸಂಸೆಯ ಲೈನುಮನೆಯವರೆಗೆ ಓದಿಹೇಳುವ ಕೆಲಸವು ಇನ್ನೂ ಉಳಿದಿದೆ.